ಕೆಲಸ ಮಾಡುವುದು ಬೇರೆ, ಮಾಡಿಸುವುದು ಬೇರೆ: ಟೀಮ್ ಲೀಡ್ ಆದವರು ಏನು ಕಲಿಯಬೇಕು?

ಶುಕ್ರವಾರ ಸಂಜೆ ಮೇಲ್ ಬರುತ್ತದೆ: ಅಭಿನಂದನೆಗಳು, ಇನ್ನು ಮುಂದೆ ಈ ಆರು ಜನರ ಟೀಮ್ ನಿಮ್ಮದು. ಸೋಮವಾರ ಹೋಗಿ ಕೂತರೆ ಅದೇ ಕುರ್ಚಿ, ಅದೇ ಕಂಪ್ಯೂಟರ್. ಹತ್ತು ಗಂಟೆಗೆ ಒಬ್ಬರು ಬಂದು ರಜೆ ಕೇಳುತ್ತಾರೆ. ಹನ್ನೊಂದಕ್ಕೆ ಇನ್ನೊಬ್ಬರು ಬಂದು, 'ಈ ಕ್ಲೈಂಟ್‌ಗೆ ಏನಂತ ಉತ್ತರ ಬರೀಲಿ?' ಎನ್ನುತ್ತಾರೆ. ಮಧ್ಯಾಹ್ನ ಎರಡು ಮೀಟಿಂಗ್. ಅದರ ನಡುವೆ ಮಾತು ಬಿಟ್ಟ ಇಬ್ಬರನ್ನು ಕೂರಿಸಿ ಸಮಾಧಾನ ಮಾಡಬೇಕು. ಸಂಜೆ ಲ್ಯಾಪ್‌ಟಾಪ್ ಮುಚ್ಚುವಾಗ ಬಾಯಿಗೆ ಬರುವ ಮಾತು ಒಂದೇ: 'ಇವತ್ತು ಕೆಲಸವೇ ಆಗಲಿಲ್ಲ.'

ಹೊಸದಾಗಿ ಟೀಮ್ ವಹಿಸಿಕೊಂಡವರಲ್ಲಿ ಈ ಮಾತು ಆಡದವರು ಕಡಿಮೆ. ನಿಜ ನೋಡಿದರೆ ಆ ದಿನ ಮಾಡಿದ್ದೆಲ್ಲ ಕೆಲಸವೇ. 'ಕೆಲಸ' ಎಂಬ ಪದದ ಅರ್ಥ ಶುಕ್ರವಾರ ಸಂಜೆ ಬದಲಾಗಿಬಿಟ್ಟಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಕೆಲಸದ ಜಾಗದಲ್ಲಿ ನಾಯಕತ್ವ ಅಂದರೇನು, ಅದನ್ನು ಕಲಿಯಲು ಆಗುತ್ತದೆಯೇ, ಕಲಿಯುವುದಾದರೆ ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಈ ಬದಲಾದ ಅರ್ಥದಿಂದಲೇ ಆರಂಭಿಸಿ ನೋಡೋಣ.

## ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ

ಬಾಸ್, ಮ್ಯಾನೇಜರ್, ಲೀಡರ್. ಮಾತಿನಲ್ಲಿ ಮೂರನ್ನೂ ಒಂದೇ ಅರ್ಥಕ್ಕೆ ಬಳಸುತ್ತೇವೆ. ಸ್ವಲ್ಪ ಬೇರ್ಪಡಿಸಿಕೊಂಡರೆ ಮುಂದಿನದು ಸುಲಭ. ಮ್ಯಾನೇಜರ್ ಎಂಬುದು ಹುದ್ದೆ. ರಜೆ ಮಂಜೂರು ಮಾಡುವುದು, ಯಾರು ಯಾವ ಕೆಲಸ ಮಾಡಬೇಕೆಂದು ಹೇಳುವುದು, ವರ್ಷದ ಕೊನೆಗೆ ಅಪ್ರೈಸಲ್ ಬರೆಯುವುದು ಆ ಹುದ್ದೆಯ ಜೊತೆ ಬರುವ ಅಧಿಕಾರ. ನಾಯಕತ್ವ ಎಂಬುದು ಪ್ರಭಾವ: ಒಂದು ಗುರಿಯ ಕಡೆಗೆ ಜನ ಒಪ್ಪಿ ಹೆಜ್ಜೆ ಹಾಕುವಂತೆ ಮಾಡುವ ಶಕ್ತಿ. ಅಧಿಕಾರ ನೇಮಕಾತಿ ಪತ್ರದ ಜೊತೆ ಬರುತ್ತದೆ. ಪ್ರಭಾವಕ್ಕೆ ಅಂಥ ಪತ್ರವಿಲ್ಲ, ಅದನ್ನು ಟೀಮಿನವರೇ ನಿಧಾನವಾಗಿ ಕೊಡಬೇಕು.

ಎರಡೂ ಒಬ್ಬರಲ್ಲೇ ಇರಬೇಕೆಂದೇನೂ ಇಲ್ಲ. ಯಾವುದೇ ಆಫೀಸಿನಲ್ಲಿ ದೊಡ್ಡ ತಾಂತ್ರಿಕ ತೊಂದರೆ ಬಂದಾಗ ಜನ ಎದ್ದು ಯಾರ ಮೇಜಿನ ಸುತ್ತ ಸೇರುತ್ತಾರೆ ಎಂದು ಗಮನಿಸಿ. ಎಷ್ಟೋ ಸಲ ಅದು ಮ್ಯಾನೇಜರ್ ಮೇಜು ಆಗಿರುವುದಿಲ್ಲ. ಅಲ್ಲಿ ಕೂತವರಿಗೆ ಹುದ್ದೆಯಿಲ್ಲ, ಪ್ರಭಾವವಿದೆ.

ಟೀಮ್ ನಡೆಸುವವರ ಕೆಲಸವನ್ನು ಅಳೆಯುವುದು ಹೇಗೆ? ಇಂಟೆಲ್ ಕಂಪನಿಗೆ 1987ರಿಂದ 1998ರವರೆಗೆ ಸಿಇಒ ಆಗಿದ್ದ ಆಂಡ್ರ್ಯೂ ಗ್ರೋವ್ ಇದಕ್ಕೆ ಒಂದು ಸರಳ ಲೆಕ್ಕ ಕೊಟ್ಟಿದ್ದರು. ಮ್ಯಾನೇಜರ್ ಒಬ್ಬರ ಉತ್ಪಾದನೆ ಎಂದರೆ ಅವರ ಟೀಮಿನ ಉತ್ಪಾದನೆ, ಜೊತೆಗೆ ಅವರ ಪ್ರಭಾವ ತಟ್ಟುವ ಅಕ್ಕಪಕ್ಕದ ಟೀಮುಗಳ ಉತ್ಪಾದನೆ. ಈ ಲೆಕ್ಕದಲ್ಲಿ 'ನಾನೇ ಕೂತು ಬರೆದ ಪುಟಗಳು' ಎಂಬ ಸಾಲೇ ಇಲ್ಲ. ಸೋಮವಾರ ಕ್ಲೈಂಟ್ ಮೇಲ್ ಬಗ್ಗೆ ಕೇಳಿದವರಿಗೆ ನೀವು ಹತ್ತು ನಿಮಿಷ ಕೊಟ್ಟು, ಮುಂದಿನ ಸಲ ಅವರೇ ಉತ್ತರ ಬರೆಯುವ ಹಾಗಾದರೆ, ಆ ಹತ್ತು ನಿಮಿಷವೇ ನಿಮ್ಮ ದಿನದ ಗಳಿಕೆ.

## ಚೆನ್ನಾಗಿ ಕೆಲಸ ಮಾಡುವವರೇ ಏಕೆ ಎಡವುತ್ತಾರೆ?

ಬಡ್ತಿ ಸಾಮಾನ್ಯವಾಗಿ ಸಿಗುವುದು ಈಗಿನ ಕೆಲಸವನ್ನು ಚೆನ್ನಾಗಿ ಮಾಡುವವರಿಗೆ. ಮೇಲ್ನೋಟಕ್ಕೆ ನ್ಯಾಯವಾಗಿಯೇ ಇದೆ. ಆದರೆ ಮೇಲಿನ ಕೆಲಸ ಕೆಳಗಿನ ಕೆಲಸದ ದೊಡ್ಡ ರೂಪವಲ್ಲ, ಅದು ಬೇರೆಯದೇ ಜಾತಿಯ ಕೆಲಸ. ಚೆನ್ನಾಗಿ ಓಡುವವರನ್ನು ಕರೆದು 'ನಾಳೆಯಿಂದ ನೀವು ಓಡಬೇಡಿ, ಓಡಿಸಿ' ಎಂದಂತೆ.

ಶಿಕ್ಷಣತಜ್ಞ ಲಾರೆನ್ಸ್ ಪೀಟರ್ 1969ರಲ್ಲಿ ಇದನ್ನೇ ಅರ್ಧ ತಮಾಷೆಯಾಗಿ ಒಂದು ತತ್ವ ಮಾಡಿ ಹೇಳಿದ್ದರು: ಸಂಸ್ಥೆಯಲ್ಲಿ ಪ್ರತಿಯೊಬ್ಬರೂ ತಮ್ಮ ಕೈಲಾಗದ ಹುದ್ದೆ ತಲುಪುವವರೆಗೆ ಬಡ್ತಿ ಪಡೆಯುತ್ತಾ ಹೋಗುತ್ತಾರೆ, ಅಲ್ಲಿಗೆ ಬಂದ ಮೇಲೆ ಅಲ್ಲೇ ಉಳಿಯುತ್ತಾರೆ. ಇದಕ್ಕೆ 'ಪೀಟರ್ ತತ್ವ' ಎಂದೇ ಹೆಸರಾಯಿತು. ತಮಾಷೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅರ್ಥಶಾಸ್ತ್ರಜ್ಞರು ನೂರಕ್ಕೂ ಹೆಚ್ಚು ಕಂಪನಿಗಳ ಮಾರಾಟ ಸಿಬ್ಬಂದಿಯ ದಾಖಲೆ ತೆಗೆದು ನೋಡಿದರು. ಹೆಚ್ಚು ಮಾರಿದವರಿಗೆ ಬಡ್ತಿ ಸಿಗುವ ಸಾಧ್ಯತೆ ಹೆಚ್ಚಿತ್ತು. ಮ್ಯಾನೇಜರ್ ಆದ ಮೇಲೆ ಅವರ ಟೀಮುಗಳ ಸಾಧನೆ ಮಾತ್ರ ಆ ಮಟ್ಟಕ್ಕೆ ಏರಲಿಲ್ಲ. ಒಬ್ಬರು ಮುಂದೆ ಒಳ್ಳೆಯ ಮ್ಯಾನೇಜರ್ ಆಗುತ್ತಾರೆಯೇ ಎಂಬುದಕ್ಕೆ ಅವರ ಸ್ವಂತ ಮಾರಾಟದ ಅಂಕಿಗಿಂತ, ಬೇರೆಯವರ ಜೊತೆ ಸೇರಿ ವ್ಯವಹಾರ ಮುಗಿಸಿದ ಅನುಭವ ಹೆಚ್ಚು ಸುಳಿವು ಕೊಡುತ್ತಿತ್ತು.

ಇದರಿಂದ ಹೊಸ ಟೀಮ್ ಲೀಡ್‌ಗೆ ಒಂದು ಸಮಾಧಾನವೂ ಇದೆ. ಮೊದಲ ತಿಂಗಳುಗಳ ಒದ್ದಾಟ ನಿಮ್ಮ ದಡ್ಡತನದ ಗುರುತಲ್ಲ. ಒಂದು ಕೆಲಸದಲ್ಲಿ ಪಳಗಿದವರು ಇನ್ನೊಂದು ಕೆಲಸದಲ್ಲಿ ಮತ್ತೆ ಅ ಆ ಇ ಈ ತಿದ್ದುತ್ತಿದ್ದೀರಿ.

## ಹುಟ್ಟಿನಿಂದ ಬರುತ್ತದೆಯೇ?

'ಅವರು ಹುಟ್ಟಾ ಲೀಡರ್' ಎನ್ನುವ ಮಾತು ಎಲ್ಲ ಕಡೆ ಇದೆ. ಸಂಶೋಧಕರೂ ಮೊದಲು ಆ ದಾರಿಯಲ್ಲೇ ಹೋದರು. ನಾಯಕರಲ್ಲಿ ಮಾತ್ರ ಇರುವ ಗುಣಗಳು ಯಾವುವು ಎಂದು ಹುಡುಕಿದರು. 1948ರಲ್ಲಿ ಅಮೆರಿಕದ ರಾಲ್ಫ್ ಸ್ಟಾಗ್‌ಡಿಲ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಕೆಲವು ಗುಣಗಳಷ್ಟನ್ನೇ ಹಿಡಿದು ಯಾರು ನಾಯಕರಾಗುತ್ತಾರೆ ಎಂದು ಹೇಳಲು ಬರುವುದಿಲ್ಲ, ಸಂದರ್ಭ ಬದಲಾದರೆ ಬೇಕಾಗುವ ಗುಣವೂ ಬದಲಾಗುತ್ತದೆ ಎಂದರು. ಆಮೇಲೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಶ್ನೆಯನ್ನೇ ಬದಲಿಸಿದರು: ನಾಯಕರು ಏನಾಗಿದ್ದಾರೆ ಎಂದು ಕೇಳುವ ಬದಲು, ಏನು ಮಾಡುತ್ತಾರೆ ಎಂದು ಕೇಳಿದರು. ಉತ್ತರ ಎರಡು ಗುಂಪಾಗಿ ಬಂತು. ಒಂದು, ಕೆಲಸಕ್ಕೆ ಚೌಕಟ್ಟು ಹಾಕುವುದು: ಗುರಿ, ಗಡುವು, ಯಾರದು ಯಾವ ಹೊಣೆ. ಇನ್ನೊಂದು, ಜನರನ್ನು ಜನರಂತೆ ಕಾಣುವುದು: ಕೇಳಿಸಿಕೊಳ್ಳುವುದು, ಗೌರವಿಸುವುದು, ಕಷ್ಟ ವಿಚಾರಿಸುವುದು. ಇವೆರಡೂ ಒಂದಕ್ಕೊಂದು ಶತ್ರುಗಳಲ್ಲ. ಗಡುವಿನ ವಿಷಯದಲ್ಲಿ ಬಿಗಿಯಾಗಿದ್ದೇ ಜನರ ಜೊತೆ ಮೃದುವಾಗಿರಲು ಸಾಧ್ಯ.

ಹುಟ್ಟುಗುಣಕ್ಕೆ ಪಾತ್ರವೇ ಇಲ್ಲವೆಂದಲ್ಲ. 2006ರಲ್ಲಿ ಅವಳಿಗಳ ಮೇಲೆ ನಡೆದ ಒಂದು ಅಧ್ಯಯನದ ಪ್ರಕಾರ, ಯಾರು ನಾಯಕತ್ವದ ಸ್ಥಾನಕ್ಕೆ ಬರುತ್ತಾರೆ ಎಂಬುದರಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇ. 30ರಷ್ಟು ವಂಶವಾಹಿಗಳಿಗೆ ಸಂಬಂಧಿಸಿದ್ದು. ಉಳಿದದ್ದು ಪರಿಸರ, ಅನುಭವ, ಅವಕಾಶ. ಇದು ಸ್ಥಾನಕ್ಕೆ ಬರುವುದರ ಲೆಕ್ಕ ಮಾತ್ರ ಎಂಬುದನ್ನೂ ಮರೆಯಬಾರದು. ಬಂದ ಮೇಲೆ ಚೆನ್ನಾಗಿ ನಡೆಸುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ದೊಡ್ಡ ಗಂಟಲಿನವರು ಕುರ್ಚಿಯನ್ನು ಬೇಗ ಹಿಡಿಯುತ್ತಾರೆ ಎಂಬುದು ಆಫೀಸಿನಲ್ಲಿ ಕೂತ ಯಾರಿಗಾದರೂ ಗೊತ್ತಿರುವ ವಿಷಯವೇ.

## ಕೆಲಸ ಹಂಚುವುದು: ಎಲ್ಲರೂ ಮುಗ್ಗರಿಸುವ ಮೆಟ್ಟಿಲು

ಇಲ್ಲಿ ನನ್ನದೇ ಒಂದು ಕಥೆ. ಮೊದಲ ಸಲ ನಾಲ್ಕು ಜನರ ಟೀಮ್ ಕೈಗೆ ಬಂದಾಗ, ಒಬ್ಬ ಹುಡುಗನಿಗೆ ಪ್ರತಿ ತಿಂಗಳ ರಿಪೋರ್ಟ್ ಬರೆಯುವ ಕೆಲಸ ಕೊಟ್ಟೆ. ಅವನು ಕಳಿಸಿದ ಮೊದಲ ಪ್ರತಿ ನನಗೆ ಹಿಡಿಸಲಿಲ್ಲ. ರಾತ್ರಿ ಕೂತು ಅರ್ಧಕ್ಕರ್ಧ ತಿದ್ದಿ ಬರೆದೆ. ಅವನಿಗೆ ಏನೂ ಹೇಳಲಿಲ್ಲ. ಹೊಸಬ, ಬೇಜಾರು ಮಾಡಿಕೊಳ್ಳುತ್ತಾನೆ ಎಂದುಕೊಂಡೆ. ಮುಂದಿನ ತಿಂಗಳೂ ಹಾಗೇ. ಮೂರನೇ ತಿಂಗಳು ಬಂದ ರಿಪೋರ್ಟಿನಲ್ಲಿ ಎರಡು ಭಾಗ ಖಾಲಿ ಇದ್ದವು. ಕೇಳಿದರೆ, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲದೆ ಅಂದ: 'ಹೇಗೂ ನೀವು ಬದಲಾಯಿಸ್ತೀರಲ್ಲ ಸಾರ್.'

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕೆಲಸವನ್ನು ಅವನಿಗೆ ಕೊಟ್ಟಿದ್ದೇನೆ ಎಂದು ನಾನು ಅಂದುಕೊಂಡಿದ್ದೆ. ನಾನು ಕೊಟ್ಟಿದ್ದು ಟೈಪ್ ಮಾಡುವ ಶ್ರಮವನ್ನಷ್ಟೇ. ಹೊಣೆ ನನ್ನ ಹತ್ತಿರವೇ ಇತ್ತು.

ಕೆಲಸ ಹಂಚುವುದು ಎಂದರೆ ಮೂರು ವಸ್ತುಗಳನ್ನು ಒಟ್ಟಿಗೆ ಕೊಡುವುದು: ಕೆಲಸ, ಅದಕ್ಕೆ ಬೇಕಾದ ಅಧಿಕಾರ, ಫಲಿತಾಂಶದ ಹೊಣೆ. ಮೊದಲನೆಯದನ್ನು ಮಾತ್ರ ಕೊಟ್ಟರೆ ಕೂಲಿ ಮಾಡಿಸಿದಂತೆ. ಮೊದಲನೆಯದು ಮತ್ತು ಮೂರನೆಯದನ್ನು ಕೊಟ್ಟು ಎರಡನೆಯದನ್ನು ಇಟ್ಟುಕೊಂಡರೆ ಅದು ಕೈ ಕಟ್ಟಿ ನೀರಿಗೆ ತಳ್ಳಿದಂತೆ: ಗಡುವು ಅವರದು, ಆದರೆ ಬೇರೆ ವಿಭಾಗದಿಂದ ಒಂದು ಫೈಲ್ ತರಿಸಲೂ ನಿಮ್ಮ ಸಹಿ ಬೇಕು.

ಹಾಗಂತ ಕೊಟ್ಟು ಮರೆತುಬಿಡುವುದೂ ಹಂಚುವುದಲ್ಲ. ಡ್ರೈವಿಂಗ್ ಸ್ಕೂಲಿನ ಕಾರು ನೆನಪಿಸಿಕೊಳ್ಳಿ. ಕಲಿಸುವವರ ಕಾಲ ಬಳಿ ಬ್ರೇಕ್ ಇರುತ್ತದೆ, ಕೈಯಲ್ಲಿ ಸ್ಟೀರಿಂಗ್ ಇರುವುದಿಲ್ಲ. ತಿರುವಿನಲ್ಲಿ ಕಲಿಯುವವರು ಸ್ವಲ್ಪ ಅಗಲವಾಗಿ ತಿರುಗಿಸಿದರೆ ಸುಮ್ಮನಿರುತ್ತಾರೆ. ಎದುರಿಗೆ ಲಾರಿ ಬಂದಾಗ ಮಾತ್ರ ಕಾಲು ಒತ್ತುತ್ತಾರೆ. ಟೀಮ್ ಲೀಡ್‌ಗೆ ಕಷ್ಟವಾಗುವುದು ಆ ಅಗಲ ತಿರುವನ್ನು ಸಹಿಸಿಕೊಳ್ಳುವುದು. ಆ ರಿಪೋರ್ಟ್ ವಿಷಯದಲ್ಲಿ ನನ್ನನ್ನು ರಾತ್ರಿ ಕೂರಿಸಿದ್ದು ಬಹುತೇಕ ಇಂಥ ತಿರುವುಗಳೇ. ನಾನು ಬಳಸುವ ಪದ ಅವನು ಬಳಸಿರಲಿಲ್ಲ, ನಾನು ಹಾಕುವ ಕ್ರಮದಲ್ಲಿ ಹಾಕಿರಲಿಲ್ಲ. ತಪ್ಪು ಎನ್ನಬಹುದಾದದ್ದು ಎರಡೋ ಮೂರೋ.

ಯಾರಿಗೆ ಎಷ್ಟು ಬಿಡಬೇಕು? ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ಎಂಬ ಅಮೆರಿಕನ್ನರು 1969ರಿಂದ ಮುಂದಿಟ್ಟ 'ಸಂದರ್ಭಾನುಸಾರ ನಾಯಕತ್ವ' ಎಂಬ ಮಾದರಿ ಈ ಪ್ರಶ್ನೆಗೇ ಇರುವುದು. ಅದರ ತಿರುಳು ಎರಡು ಪ್ರಶ್ನೆ: ಈ ಕೆಲಸ ಇವರಿಗೆ ಬರುತ್ತದೆಯೇ? ಮಾಡುವ ಮನಸ್ಸು ಮತ್ತು ಧೈರ್ಯ ಇದೆಯೇ? ಹುರುಪಿದೆ, ಆದರೆ ಕೆಲಸ ಗೊತ್ತಿಲ್ಲ ಎಂದರೆ ಹಂತ ಹಂತವಾಗಿ ಹೇಳಿಕೊಡಬೇಕು. ಕೆಲಸ ಗೊತ್ತಿದೆ, ಧೈರ್ಯ ಸಾಲದು ಎಂದರೆ ಪಕ್ಕದಲ್ಲಿ ನಿಂತರೆ ಸಾಕು. ಎರಡೂ ಇದ್ದರೆ ದಾರಿ ಬಿಡಬೇಕು. ಈ ಮಾದರಿಯನ್ನು ಪರೀಕ್ಷೆಗೆ ಒಡ್ಡಿದ ಅಧ್ಯಯನಗಳ ಫಲಿತಾಂಶ ಮಿಶ್ರವಾಗಿದೆ, ಹಾಗಾಗಿ ಇದನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೂ ಅದರಲ್ಲಿ ಒಂದು ಉಪಯುಕ್ತ ಎಚ್ಚರವಿದೆ: ಲೆಕ್ಕ ವ್ಯಕ್ತಿಗೆ ಅಲ್ಲ, ಆ ವ್ಯಕ್ತಿ ಮತ್ತು ಆ ಕೆಲಸದ ಜೋಡಿಗೆ. ಹದಿನೈದು ವರ್ಷ ಅನುಭವದವರೂ ನಿನ್ನೆ ಬಂದ ಹೊಸ ಸಾಫ್ಟ್‌ವೇರ್ ಮುಂದೆ ಹೊಸಬರೇ. ಅಲ್ಲಿ 'ನಿಮಗೆ ಹೇಳಬೇಕಾ, ನೀವೇ ನೋಡ್ಕೊಳ್ಳಿ' ಎಂದರೆ ಗೌರವ ಕೊಟ್ಟಂತೆ ಕಂಡರೂ ಕೈಬಿಟ್ಟಂತೆಯೇ.

ಹಂಚಿದ ಕೆಲಸ ತಿರುಗಿ ನಿಮ್ಮ ಹೆಗಲೇರುವ ಅಪಾಯವೂ ಇದೆ. ವಿಲಿಯಂ ಆಂಕನ್ ಮತ್ತು ಡೊನಾಲ್ಡ್ ವಾಸ್ ಎಂಬ ಲೇಖಕರು 1974ರಲ್ಲಿ ಇದನ್ನು ಕೋತಿಯ ಹೋಲಿಕೆ ಕೊಟ್ಟು ವಿವರಿಸಿದ್ದರು. ಪ್ರತಿ ಸಮಸ್ಯೆಯ ಮುಂದಿನ ಹೆಜ್ಜೆ ಒಂದು ಕೋತಿ. ಅದು ಯಾರಾದರೊಬ್ಬರ ಹೆಗಲ ಮೇಲೆ ಕೂತಿರುತ್ತದೆ. ಟೀಮಿನವರು ಬಂದು 'ಸಾರ್, ಒಂದು ತೊಂದರೆ ಆಗಿದೆ' ಎಂದಾಗ ನೀವು 'ಸರಿ, ನೋಡ್ತೀನಿ' ಅಂದಿರೋ, ಕೋತಿ ಹಾರಿ ನಿಮ್ಮ ಹೆಗಲಿಗೆ ಬಂತು. ಅವರು ಹಗುರಾಗಿ ಮನೆಗೆ ಹೋಗುತ್ತಾರೆ, ಮರುದಿನ ಬಂದು 'ಏನಾಯ್ತು ಸಾರ್?' ಎಂದು ನಿಮ್ಮನ್ನೇ ವಿಚಾರಿಸುತ್ತಾರೆ. ಈಗ ಯಾರು ಯಾರಿಗೆ ಬಾಸ್? 'ನೋಡ್ತೀನಿ' ಎನ್ನುವ ಬದಲು 'ನಿಮಗೆ ಏನು ಅನ್ನಿಸುತ್ತೆ? ಎರಡು ದಾರಿ ಯೋಚನೆ ಮಾಡಿ ಬನ್ನಿ, ಮಧ್ಯಾಹ್ನ ಕೂತು ಮಾತಾಡೋಣ' ಎಂದರೆ ಕೋತಿ ಇದ್ದಲ್ಲೇ ಇರುತ್ತದೆ.

## ತಪ್ಪನ್ನು ಹೇಳುವುದು ಹೇಗೆ?

ಫೀಡ್‌ಬ್ಯಾಕ್ ಕೊಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ ಇದೆ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡೆನಿಸಿ ಎಂಬ ಸಂಶೋಧಕರು 1996ರಲ್ಲಿ ಈ ಬಗ್ಗೆ ನಡೆದ ನೂರಾರು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿದಾಗ ಅಚ್ಚರಿ ಕಾದಿತ್ತು. ಸರಾಸರಿ ನೋಡಿದರೆ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸುತ್ತದೆ, ನಿಜ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ನಂತರ ಕೆಲಸ ಇನ್ನೂ ಕೆಟ್ಟಿತ್ತು. ಅವರು ಕೊಟ್ಟ ಕಾರಣ ಗಮನ ಹೋಗುವ ದಿಕ್ಕಿಗೆ ಸಂಬಂಧಿಸಿದ್ದು. ಮಾತು ಕೆಲಸದ ಮೇಲಿದ್ದರೆ ಕೇಳಿದವರ ಗಮನ ಕೆಲಸದ ಮೇಲಿರುತ್ತದೆ. ಮಾತು ವ್ಯಕ್ತಿಯ ಮೇಲೆ ಬಿದ್ದ ಕೂಡಲೇ ಗಮನ 'ನಾನು ಎಂಥವನು' ಎಂಬುದರ ಕಡೆ ಹೊರಳುತ್ತದೆ, ಕೆಲಸ ಅಲ್ಲೇ ಬಿದ್ದಿರುತ್ತದೆ.

'ನಿಮಗೆ ಜವಾಬ್ದಾರಿಯೇ ಇಲ್ಲ' ಎಂಬ ಮಾತು ಕೇಳಿದವರು ಏನು ಮಾಡಬೇಕು? ಜವಾಬ್ದಾರಿಯನ್ನು ಎಲ್ಲಿಂದ ತರಬೇಕು? ಅವರು ಮನಸ್ಸಿನಲ್ಲೇ ವಾದ ಶುರು ಮಾಡುತ್ತಾರೆ. ಅದೇ ಸಂಗತಿಯನ್ನು ಹೀಗೆ ಹೇಳಬಹುದು: 'ಮಂಗಳವಾರ ಬರಬೇಕಾದ ಫೈಲ್ ಗುರುವಾರ ಬಂತು. ಎರಡು ದಿನ ಟೆಸ್ಟಿಂಗ್‌ನವರು ಕೈಕಟ್ಟಿ ಕೂರಬೇಕಾಯಿತು. ಎಲ್ಲಿ ತಡವಾಯಿತು?' ಇದರಲ್ಲಿ ಮೂರು ಭಾಗವಿದೆ: ಏನಾಯಿತು, ಅದರಿಂದ ಯಾರಿಗೆ ಏನು ತೊಂದರೆ, ಮತ್ತು ಒಂದು ನಿಜವಾದ ಪ್ರಶ್ನೆ. ನಿಜವಾದ ಪ್ರಶ್ನೆ ಎಂದರೆ ಉತ್ತರ ನಿಮಗೆ ಗೊತ್ತಿಲ್ಲದ ಪ್ರಶ್ನೆ. ಎಷ್ಟೋ ಸಲ ಉತ್ತರ ಕೇಳಿದ ಮೇಲೆ ಗೊತ್ತಾಗುತ್ತದೆ, ತಡವಾಗಿದ್ದು ನಿಮ್ಮದೇ ಒಂದು ಮೇಲ್‌ಗೆ ಕಾದು ಕೂತಿದ್ದರಿಂದ ಎಂದು.

ಹೊಗಳಿಕೆಗೂ ಇದೇ ನಿಯಮ. 'ಸೂಪರ್' ಎಂದರೆ ಖುಷಿಯಾಗುತ್ತದೆ, ಕಲಿಕೆಯಾಗುವುದಿಲ್ಲ. 'ಕ್ಲೈಂಟ್ ಸಿಟ್ಟಾದಾಗ ನೀವು ಮೊದಲು ಅವರ ದೂರನ್ನು ಪೂರ್ತಿ ಬರೆದುಕೊಂಡಿರಲ್ಲ, ಅಲ್ಲೇ ಅವರು ತಣ್ಣಗಾದರು' ಎಂದರೆ, ಮುಂದಿನ ಸಲವೂ ಅವರು ಪೆನ್ನು ಹಿಡಿಯುತ್ತಾರೆ.

## ಕೆಟ್ಟ ಸುದ್ದಿ ನಿಮ್ಮನ್ನು ತಲುಪಲು ಎಷ್ಟು ಹೊತ್ತು ಬೇಕು?

ನಾಯಕತ್ವದ ಬಗ್ಗೆ ಒಂದೇ ಪ್ರಶ್ನೆ ಕೇಳಲು ಅವಕಾಶವಿದ್ದರೆ ನಾನು ಇದನ್ನು ಕೇಳುತ್ತೇನೆ.

1978ರ ಡಿಸೆಂಬರ್ 28. ಯುನೈಟೆಡ್ ಏರ್‌ಲೈನ್ಸ್‌ನ 173ನೇ ಫ್ಲೈಟ್ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಯಬೇಕಿತ್ತು. ಇಳಿಯುವ ಹೊತ್ತಿಗೆ ಚಕ್ರಗಳು ಸರಿಯಾಗಿ ಹೊರಬಂದು ಭದ್ರವಾಗಿವೆಯೋ ಇಲ್ಲವೋ ಎಂಬ ಅನುಮಾನ ಹುಟ್ಟಿತು. ಅನುಭವಿ ಕ್ಯಾಪ್ಟನ್ ಆ ತೊಂದರೆಯನ್ನು ಪರಿಶೀಲಿಸುತ್ತಾ, ಪ್ರಯಾಣಿಕರನ್ನು ತುರ್ತು ಇಳಿಕೆಗೆ ಸಿದ್ಧಪಡಿಸುತ್ತಾ ಸುಮಾರು ಒಂದು ಗಂಟೆ ವಿಮಾನವನ್ನು ಆಕಾಶದಲ್ಲೇ ಸುತ್ತಿಸಿದರು. ಇಂಧನ ಕರಗುತ್ತಿತ್ತು. ಕಾಕ್‌ಪಿಟ್‌ನಲ್ಲಿದ್ದ ಇನ್ನಿಬ್ಬರಿಗೆ ಅದು ಕಾಣುತ್ತಿತ್ತು, ಇಂಧನದ ಮಾತು ಬಂತು ಕೂಡ. ಆದರೆ ಅದು 'ಈಗಲೇ ಇಳಿಯಬೇಕು, ಇಲ್ಲದಿದ್ದರೆ ಬೀಳುತ್ತೇವೆ' ಎಂಬ ಗಟ್ಟಿ ಮಾತಾಗಲಿಲ್ಲ. ಇಂಧನ ಪೂರ್ತಿ ಮುಗಿದು ವಿಮಾನ ರನ್‌ವೇಗೆ ಕೆಲವು ಮೈಲಿ ಮೊದಲೇ ಬಿತ್ತು. 189 ಜನರಲ್ಲಿ 10 ಜನ ಸತ್ತರು.

ತನಿಖೆಯಲ್ಲಿ ಎರಡೂ ಕಡೆಯ ಲೋಪ ದಾಖಲಾಯಿತು: ಕ್ಯಾಪ್ಟನ್ ಇಂಧನದ ಮೇಲೆ ನಿಗಾ ಇಡಲಿಲ್ಲ, ಸಿಬ್ಬಂದಿಯ ಸೂಚನೆಗೆ ಸರಿಯಾಗಿ ಸ್ಪಂದಿಸಲಿಲ್ಲ, ಉಳಿದವರು ತಮ್ಮ ಆತಂಕವನ್ನು ಮನಸ್ಸಿಗೆ ನಾಟುವಂತೆ ಹೇಳಲಿಲ್ಲ. ವಿಮಾನ ಓಡಿಸುವ ಕೌಶಲ ಅಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಈ ಅಪಘಾತ ಮತ್ತು ಅಂಥ ಇನ್ನೂ ಕೆಲವು ಅಪಘಾತಗಳ ನಂತರ ವಿಮಾನಯಾನದಲ್ಲಿ ಒಂದು ಹೊಸ ತರಬೇತಿ ಹುಟ್ಟಿತು. ಯುನೈಟೆಡ್ 1981ರಲ್ಲಿ ಅದನ್ನು ಆರಂಭಿಸಿತು. ಕಿರಿಯರು ಅಳುಕದೆ ಮಾತಾಡಬೇಕು, ಹಿರಿಯರು ಅದನ್ನು ಕೇಳಿಸಿಕೊಳ್ಳಬೇಕು ಎಂಬುದನ್ನು ಒಂದು ಕೌಶಲದಂತೆ ಅಭ್ಯಾಸ ಮಾಡಿಸುವ ತರಬೇತಿ ಅದು. ಇಂದು ಜಗತ್ತಿನಾದ್ಯಂತ ಪೈಲಟ್‌ಗಳು ಅದನ್ನು ಕಲಿಯುತ್ತಾರೆ.

ಆಫೀಸಿನಲ್ಲಿ ಯಾರೂ ಆಕಾಶದಿಂದ ಬೀಳುವುದಿಲ್ಲ. ಆದರೆ ಪ್ರಾಜೆಕ್ಟ್ ಗಡುವಿಗೆ ಮುಗಿಯುವುದಿಲ್ಲ ಎಂದು ಟೀಮಿನವರಿಗೆಲ್ಲ ಒಂದು ತಿಂಗಳ ಮೊದಲೇ ಗೊತ್ತಿದ್ದು, ಲೀಡ್‌ಗೆ ಎರಡು ದಿನ ಮೊದಲು ಗೊತ್ತಾಗುವುದು ಇದೇ ಕಾಯಿಲೆ.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನ ಇದನ್ನು ಇನ್ನೊಂದು ಬದಿಯಿಂದ ತೋರಿಸುತ್ತದೆ. ಒಳ್ಳೆಯ ಹೊಂದಾಣಿಕೆ, ಒಳ್ಳೆಯ ಮೇಲ್ವಿಚಾರಣೆ ಇರುವ ದಾದಿಯರ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳು ಕಡಿಮೆ ಇರುತ್ತವೆಯೇ ಎಂದು ನೋಡಲು ಹೊರಟರು. ಅಂಕಿ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು! ಬಗೆದು ನೋಡಿದಾಗ ತಿಳಿದದ್ದು, ಆ ತಂಡಗಳಲ್ಲಿ ಜನ ತಪ್ಪನ್ನು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ. ಬೇರೆ ಕಡೆ ಅವು ಮುಚ್ಚಿಹೋಗುತ್ತಿದ್ದವು. 1999ರಲ್ಲಿ ಅವರು ಇದಕ್ಕೆ 'ಸೈಕಲಾಜಿಕಲ್ ಸೇಫ್ಟಿ' ಎಂಬ ಹೆಸರಿನಲ್ಲಿ ಸಿದ್ಧಾಂತ ಕಟ್ಟಿದರು. ಸರಳವಾಗಿ ಹೇಳುವುದಾದರೆ, ಇಲ್ಲಿ ಬಾಯಿಬಿಟ್ಟರೆ ನನಗೆ ಅವಮಾನವಾಗುವುದಿಲ್ಲ ಎಂದು ತಂಡದವರೆಲ್ಲ ನಂಬಿರುವ ಸ್ಥಿತಿ. ಎಲ್ಲರೂ ನಗುನಗುತ್ತಾ ಇರುವುದು, ಯಾರನ್ನೂ ಏನೂ ಕೇಳದಿರುವುದು ಇದರ ಅರ್ಥವಲ್ಲ.

ಇದನ್ನು ಕಟ್ಟುವುದು ಹೇಗೆ? ಭಾಷಣದಿಂದ ಆಗುವುದಿಲ್ಲ. 'ನನ್ನ ಬಾಗಿಲು ಯಾವಾಗಲೂ ತೆರೆದಿರುತ್ತದೆ' ಎಂದು ಹೇಳುವವರ ಕೋಣೆಗೆ ಯಾರೂ ಹೋಗದಿರುವುದನ್ನು ಎಲ್ಲರೂ ನೋಡಿದ್ದಾರೆ. ಜನ ನೋಡುವುದು ಮೊದಲ ಕೆಟ್ಟ ಸುದ್ದಿ ಬಂದಾಗ ನಿಮ್ಮ ಮುಖ ಹೇಗಾಗುತ್ತದೆ ಎಂಬುದನ್ನು. ಒಬ್ಬರು ಬಂದು 'ನಿನ್ನೆ ನಾನು ತಪ್ಪು ಫೈಲ್ ಕಳಿಸಿಬಿಟ್ಟೆ' ಎಂದಾಗ ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯ ಸಂಜೆಯೊಳಗೆ ಇಡೀ ಫ್ಲೋರ್‌ಗೆ ಗೊತ್ತಾಗಿರುತ್ತದೆ. 'ಹೇಳಿದ್ದು ಒಳ್ಳೇದಾಯ್ತು. ಈಗ ಮೊದಲು ಏನು ಸರಿಮಾಡಬೇಕು?' ಎಂದರೆ ಮುಂದಿನ ತಪ್ಪೂ ಬೇಗ ಬರುತ್ತದೆ. 'ನೋಡಿ ಕಳಿಸೋಕೆ ಆಗಲ್ವಾ?' ಎಂದರೆ ಮುಂದಿನದು ಬರುವುದಿಲ್ಲ, ತಾನಾಗಿ ಸಿಡಿದಾಗಲೇ ನಿಮಗೆ ಗೊತ್ತಾಗುವುದು. ಅದೇ ತಪ್ಪು ಮತ್ತೆ ಮತ್ತೆ ಆದರೆ ಏನು ಮಾಡಬೇಕೆಂಬುದು ಬೇರೆ ಮಾತು. ಅದಕ್ಕೆ ಹಿಂದಿನ ಭಾಗದಲ್ಲಿ ಹೇಳಿದ ಮೂರು ವಾಕ್ಯಗಳಿವೆ.

## ನಿನ್ನೆಯ ಗೆಳೆಯರು, ಇಂದಿನ ಟೀಮ್

ಜೊತೆಯಲ್ಲೇ ಕೆಲಸ ಮಾಡಿ, ಜೊತೆಯಲ್ಲೇ ಬಾಸನ್ನು ಬೈದವರಿಗೆ ಈಗ ನೀವೇ ಬಾಸ್. ಇದು ಮುಜುಗರದ ವಿಷಯ, ಸುಮ್ಮನಿದ್ದರೆ ತಾನಾಗಿ ಸರಿಹೋಗುವುದಿಲ್ಲ. ಮೊದಲ ವಾರದಲ್ಲೇ ಒಬ್ಬೊಬ್ಬರ ಜೊತೆ ಕೂತು ನೇರವಾಗಿ ಮಾತಾಡಿಬಿಡುವುದು ವಾಸಿ: ಅಪ್ರೈಸಲ್ ನಾನೇ ಬರೆಯಬೇಕಾಗುತ್ತದೆ, ಕೆಲವು ವಿಷಯ ಹೇಳಿಕೊಳ್ಳಲು ಆಗುವುದಿಲ್ಲ, ನಿಮಗೆ ಇದರಲ್ಲಿ ಏನು ಕಷ್ಟ ಕಾಣುತ್ತಿದೆ? ಆ ಹುದ್ದೆಗೆ ಅವರೂ ಆಸೆಪಟ್ಟಿದ್ದರೆ ಅದನ್ನೂ ಮುಚ್ಚಿಡದೆ ಮಾತಾಡಬೇಕು. ಮೇಲಿನವರ ಒತ್ತಡ, ಕೆಳಗಿನವರ ನಿರೀಕ್ಷೆ, ನಡುವೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಅನುಭವ ಈ ಹುದ್ದೆಯ ಜೊತೆಗೇ ಬರುತ್ತದೆ. ಅದನ್ನು ಹೇಳಿಕೊಳ್ಳಲು ಇನ್ನೊಂದು ವಿಭಾಗದ ಟೀಮ್ ಲೀಡ್ ಒಬ್ಬರನ್ನು ಹುಡುಕಿಕೊಳ್ಳಿ. ಟೀಮಿನೊಳಗಿನ ಹಳೆಯ ಗೆಳೆಯ ಇದಕ್ಕೆ ಸರಿಯಾದ ಕಿವಿಯಲ್ಲ.

## ಹಾಗಾದರೆ ಅಭ್ಯಾಸ ಎಲ್ಲಿಂದ?

ಗೂಗಲ್ ಕಂಪನಿ 'ಪ್ರಾಜೆಕ್ಟ್ ಆಕ್ಸಿಜನ್' ಎಂಬ ಹೆಸರಿನಲ್ಲಿ ತನ್ನ ಒಳ್ಳೆಯ ಮ್ಯಾನೇಜರುಗಳು ಏನು ಮಾಡುತ್ತಾರೆ ಎಂದು ಲೆಕ್ಕ ಹಾಕಿ ನೋಡಿತ್ತು. ಎಂಜಿನಿಯರುಗಳೇ ತುಂಬಿದ ಕಂಪನಿ, ತಾಂತ್ರಿಕ ಜ್ಞಾನವೇ ಮೊದಲ ಸ್ಥಾನದಲ್ಲಿರಬಹುದು ಎಂದುಕೊಳ್ಳುತ್ತೇವೆ. ಎಂಟು ಅಂಶಗಳ ಪಟ್ಟಿಯಲ್ಲಿ ಅದು ಕೊನೆಯಲ್ಲಿತ್ತು. ಮೊದಲಿದ್ದದ್ದು 'ಒಳ್ಳೆಯ ಕೋಚ್ ಆಗಿರುವುದು'. ಎರಡನೆಯದು, ಎಲ್ಲದರಲ್ಲೂ ಮೂಗು ತೂರಿಸದೆ ಟೀಮಿನವರ ಕೈಗೆ ಕೆಲಸ ಬಿಡುವುದು.

ಕೋಚ್ ಆಗಲು ಬೇಕಾದ ಮೊದಲ ಸಾಧನ ತುಂಬಾ ಸಾಮಾನ್ಯವಾದದ್ದು: ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಒಬ್ಬೊಬ್ಬರ ಜೊತೆ ಅರ್ಧ ಗಂಟೆ. ಕೆಲಸ ಎಲ್ಲಿಗೆ ಬಂತು ಎಂದು ಕೇಳಲು ಇದನ್ನು ಬಳಸಬೇಡಿ, ಅದಕ್ಕೆ ಮೇಲ್ ಸಾಕು. ಈ ಹೊತ್ತು ಅವರದು. ಮೊದಲ ಎರಡು ಸಲ ಅವರು 'ಎಲ್ಲ ಚೆನ್ನಾಗಿದೆ' ಎಂದೇ ಹೇಳುತ್ತಾರೆ. ಮೂರನೇ ಸಲವೋ ನಾಲ್ಕನೇ ಸಲವೋ, ಎದ್ದು ಹೋಗುವ ಹೊತ್ತಿಗೆ, ಬಾಗಿಲ ಹತ್ತಿರ ನಿಂತು ನಿಜವಾದ ವಿಷಯ ಹೇಳುತ್ತಾರೆ. ಕೆಲಸ ಹೆಚ್ಚಾದ ವಾರವೇ ಈ ಅರ್ಧ ಗಂಟೆಯನ್ನು ರದ್ದು ಮಾಡಬೇಕು ಎನ್ನಿಸುವುದು. ಎರಡು ಸಲ ರದ್ದಾದರೆ ಜನ ಅದರ ಬೆಲೆ ಎಷ್ಟೆಂದು ತೀರ್ಮಾನಿಸಿಬಿಡುತ್ತಾರೆ.

ತನ್ನ ಬಗ್ಗೆ ತಾನು ಹಾಕಿಕೊಳ್ಳುವ ಅಂಕ ನಂಬುವಂಥದ್ದಲ್ಲ. ಅದಕ್ಕೇ ಕೆಲವು ಸಂಸ್ಥೆಗಳಲ್ಲಿ ಮೇಲಿನವರು, ಸಮಾನರು, ಕೆಳಗಿನವರು ಎಲ್ಲರಿಂದಲೂ ಹೆಸರಿಲ್ಲದೆ ಅಭಿಪ್ರಾಯ ಪಡೆಯುತ್ತಾರೆ. ಅಂಥ ವ್ಯವಸ್ಥೆ ಇಲ್ಲದಿದ್ದರೆ ಒಂದು ಪ್ರಶ್ನೆ ಸಾಕು: 'ನಿಮ್ಮ ಕೆಲಸ ಸಲೀಸಾಗಬೇಕಾದರೆ ನಾನು ಯಾವ ಒಂದನ್ನು ಮಾಡುವುದು ಬಿಡಬೇಕು?' 'ನಾನು ಹೇಗೆ ಲೀಡ್ ಮಾಡ್ತಿದ್ದೀನಿ?' ಎಂದು ಕೇಳಿದರೆ 'ಚೆನ್ನಾಗಿದೆ ಸಾರ್' ಎಂಬ ಉತ್ತರ ಗ್ಯಾರಂಟಿ. ಒಂದನ್ನು ಬಿಡಿ ಎಂದು ಕೇಳಿದರೆ ಜನ ಯೋಚಿಸುತ್ತಾರೆ. ಬಂದ ಉತ್ತರಕ್ಕೆ ಸಮಜಾಯಿಷಿ ಕೊಡಬೇಡಿ, ಬರೆದುಕೊಳ್ಳಿ. ಒಂದು ತಿಂಗಳು ಅದೊಂದನ್ನೇ ಬದಲಿಸಲು ನೋಡಿ. ನನಗೆ ಬಂದ ಉತ್ತರ, 'ರಾತ್ರಿ ಮೇಲ್ ಕಳಿಸೋದು' ಎಂದಾಗಿತ್ತು. ಬೆಳಿಗ್ಗೆ ನೋಡಿದರೆ ಸಾಕು ಎಂದೇ ನಾನು ಕಳಿಸುತ್ತಿದ್ದೆ. ಅವರು ಹಾಸಿಗೆಯಲ್ಲೇ ಓದಿ ಉತ್ತರ ಬರೆಯುತ್ತಿದ್ದರು.

ಇನ್ನೊಂದು ಅಳತೆಗೋಲು ಹಳೆಯದು. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಸಂಗಡಿಗರು 1939ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳಿಗೆ ಬೇರೆ ಬೇರೆ ಶೈಲಿಯ ಹಿರಿಯರನ್ನು ಕೊಟ್ಟು ಮುಖವಾಡ ಮಾಡುವಂಥ ಕೆಲಸಗಳನ್ನು ಮಾಡಿಸಿದರು. ಎಲ್ಲವನ್ನೂ ಅಪ್ಪಣೆಯಿಂದ ನಡೆಸುವ ಹಿರಿಯರಿದ್ದ ಗುಂಪಿನಲ್ಲಿ ಕೆಲಸ ಚುರುಕಾಗಿಯೇ ನಡೆಯುತ್ತಿತ್ತು, ಅವರು ಎದುರಿಗಿರುವಷ್ಟು ಹೊತ್ತು. ಹೊರಗೆ ಹೋದರೆ ನಿಂತುಬಿಡುತ್ತಿತ್ತು. ಕೂಡಿ ಮಾತಾಡಿ ತೀರ್ಮಾನ ಮಾಡುವ ಗುಂಪಿನಲ್ಲಿ ಹಿರಿಯರು ಹೊರಗೆ ಹೋದಾಗಲೂ ಕೆಲಸ ಹೆಚ್ಚುಕಡಿಮೆ ಹಾಗೇ ಸಾಗುತ್ತಿತ್ತು.

ಈ ಪ್ರಯೋಗವನ್ನು ನೀವೂ ಮಾಡಬಹುದು. ಐದು ದಿನ ರಜೆ ಹಾಕಿ, ಫೋನ್ ಎತ್ತದೆ ಇರಿ. ವಾಪಸ್ ಬಂದ ದಿನ ಎಷ್ಟು ಮೇಲ್ ಬಂದಿವೆ ಎಂದು ಎಣಿಸುವ ಮೊದಲು, ನೀವಿಲ್ಲದೆ ನಿಂತುಹೋದ ನಿರ್ಧಾರಗಳು ಯಾವುವು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಸಾಲಿನ ಎದುರು ಟೀಮಿನ ಒಬ್ಬರ ಹೆಸರು ಹಾಕಿ. ಮುಂದಿನ ರಜೆಯೊಳಗೆ ಅವರಿಗೆ ಯಾವುದನ್ನು ಹೇಳಿಕೊಡಬೇಕು, ಯಾವುದಕ್ಕೆ ಅಧಿಕಾರ ಕೊಡಬೇಕು ಎಂಬ ಪಟ್ಟಿ ಅಲ್ಲೇ ಸಿದ್ಧವಾಗಿರುತ್ತದೆ.